ದತ್ತಾಂಶ ವೇಗದ ಮಾನಗಳು ಮತ್ತು ಅವುಗಳ ಪರಿವರ್ತನೆ: ಇಕ್ಕೇರಿ–ಬಿದನೂರು ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

1

ನಾಡಿನ ಆರ್ಥಿಕ ಚರಿತ್ರೆಯನ್ನು ಅಭ್ಯಸಿಸುವವರು ಮಾನಗಳ ವಿಷಯದಲ್ಲಿ ಎಷ್ಟು ಎಚ್ಚರದಿಂದಿರಬೇಕೆಂಬುದು ವಿದ್ಯಾರ್ಥಿಗಳಿಗೆ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಶಾಸನದಲ್ಲಿ ಖಂಡುಗವೆಂದಿದ್ದರೆ ಅದು ಯಾವ ಸೀಮೆಯ ಖಂಡುಗ, ಕಡತದಲ್ಲಿ ವರಹವೆಂದಿದ್ದರೆ ಅದು ಯಾವ ಟಂಕಸಾಲೆಯ ವರಹ, ಗಳೆಯೆಂದಿದ್ದರೆ ಅದು ಎಷ್ಟು ಅಡಿಯ ಗಳೆ ಎಂಬುದನ್ನು ನಿಶ್ಚಯಿಸಿಕೊಳ್ಳದೆ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. 1956ರ ತೂಕ ಮತ್ತು ಅಳತೆಗಳ ಶಾಸನದಿಂದ ಮೆಟ್ರಿಕ್ ಪದ್ಧತಿಯೂ, 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯ ಪದ್ಧತಿಯೂ ನಮ್ಮಲ್ಲಿ ನೆಲೆಗೊಂಡವು. ಅಲ್ಲಿಂದೀಚೆಗೆ ಸೇರು, ಮಣ, ಕೊಳಗಗಳ ತೊಡಕು ಹಳೆಯ ಕಾಲದ ಮಾತಾಯಿತೆಂದು ನಾವು ಭಾವಿಸಿಕೊಂಡಿದ್ದೇವೆ.

ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ನಮ್ಮ ಪಟ್ಟಣಗಳಲ್ಲಿಯೂ ಹಳ್ಳಿಗಳಲ್ಲಿಯೂ ಒಂದು ಹೊಸ ಸರಕು ಕ್ರಯವಿಕ್ರಯಕ್ಕೆ ಬಂದಿದೆ. ಅದು ದೂರಸಂಪರ್ಕ ಜಾಲದಲ್ಲಿ ಹರಿದುಬರುವ ದತ್ತಾಂಶ. ಅದನ್ನು ಮಾರುವವನು ಒಂದು ಮಾನದಲ್ಲಿ ಹೇಳುತ್ತಾನೆ. ಕೊಂಡವನ ಯಂತ್ರವು ಇನ್ನೊಂದು ಮಾನದಲ್ಲಿ ತೋರಿಸುತ್ತದೆ. ಸರ್ಕಾರದ ವರದಿಯು ಮೂರನೆಯ ರೀತಿಯಲ್ಲಿ ದಾಖಲೆ ಮಾಡುತ್ತದೆ. ಆಡುಮಾತಿನಲ್ಲಂತೂ ಇವೆಲ್ಲಕ್ಕೂ ಒಂದೇ ಹೆಸರು. ಇಂದಿನ ಬಿಲ್ಲುಗಳು, ಮನವಿಗಳು, ಪಂಚಾಯಿತಿಯ ನಡವಳಿಗಳು ನಾಳೆ ಚರಿತ್ರೆಯ ಆಕರಗಳಾಗುವುವು. ಈ ಮಾನಗಳು ಹುಟ್ಟಿದ ಬಗೆ, ಒಂದನ್ನು ಇನ್ನೊಂದಕ್ಕೆ ತಿರುಗಿಸುವ ಕ್ರಮ, ಹಾಗೆ ತಿರುಗಿಸುವಾಗ ಕನ್ನಡ ಬರವಣಿಗೆಯಲ್ಲಿ ವಿಶೇಷವಾಗಿ ಸಂಭವಿಸುವ ನಷ್ಟ, ಇವುಗಳನ್ನು ಈ ಲೇಖನದಲ್ಲಿ ವಿಚಾರಿಸಲು ಉದ್ದೇಶಿಸಿದ್ದೇವೆ.

ಈ ವಿವೇಚನೆಗೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಆರಿಸಿಕೊಂಡುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದಾಗಿ, ಇದು ಹಿಂದಿನ ಕೆಳದಿ ಸಂಸ್ಥಾನದ ನಡುನಾಡು. ಕೆಳದಿ, ಇಕ್ಕೇರಿಗಳು ಸಾಗರ ತಾಲ್ಲೂಕಿನಲ್ಲಿಯೂ, ಬಿದನೂರು ಎನಿಸಿದ್ದ ನಗರವು ಹೊಸನಗರ ತಾಲ್ಲೂಕಿನಲ್ಲಿಯೂ, ಕವಲೆದುರ್ಗವು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೂ ಇವೆ. ಕರ್ನಾಟಕದ ಚರಿತ್ರೆಯಲ್ಲಿ ಅಳತೆಯನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದ ಪ್ರಸಿದ್ಧ ಪ್ರಯತ್ನಗಳಲ್ಲೊಂದು ನಡೆದುದು ಇಲ್ಲಿಯೇ. ಎರಡನೆಯದಾಗಿ, ಇಂದು ದೂರಸಂಪರ್ಕದ ಕೊರತೆಯು ಜನಜೀವನದ ಪ್ರಶ್ನೆಯಾಗಿ ಪರಿಣಮಿಸಿರುವ ಸೀಮೆಗಳಲ್ಲಿ ಇದೂ ಒಂದು. 2020–21ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ ಪಾಠಗಳು ಮೊಬೈಲಿನ ಮೂಲಕ ನಡೆದಾಗ, ಸಂಕೇತ ದೊರೆಯುವ ಗುಡ್ಡವನ್ನು ಹುಡುಕಿಕೊಂಡು ಹೋಗಿ ವಿದ್ಯಾರ್ಥಿಗಳು ಪಾಠ ಕೇಳಬೇಕಾಯಿತು. ಅದೇ ದಿನಗಳಲ್ಲಿ ಮಲೆನಾಡಿನ ಗ್ರಾಮಸ್ಥರು ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲವೆಂಬ ಘೋಷಣೆಯನ್ನು ಮುಂದಿಟ್ಟು ಚಳವಳಿ ಹೂಡಿದರು.

2

ಮೊದಲು ಹಿಂದಿನ ಪ್ರಯತ್ನವನ್ನು ನೋಡೋಣ. 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರಿನೊಡನೆ ‘ಶಿಸ್ತು’ ಎಂಬ ಕಂದಾಯ ವ್ಯವಸ್ಥೆಯು ಸೇರಿಕೊಂಡಿದೆ. ಬಿ. ಎಲ್. ರೈಸರು ತಮ್ಮ ಮೈಸೂರು ಗೆಝೆಟಿಯರಿನಲ್ಲಿ ಇದರ ಕ್ರಮವನ್ನು ವಿವರಿಸಿದ್ದಾರೆ. ಅವರ ಪ್ರಕಾರ ಭೂಮಿಯನ್ನು ಐದು ತರಗತಿಗಳಾಗಿ ವಿಂಗಡಿಸಿ, ಪ್ರತಿ ಗ್ರಾಮದಲ್ಲಿಯೂ ಒಂದೊಂದು ತರಗತಿಯ ಒಂದೊಂದು ಗದ್ದೆಯನ್ನು ಸತತವಾಗಿ 12 ವರ್ಷಗಳ ಕಾಲ ಸರ್ಕಾರದ ವತಿಯಿಂದಲೇ ಸಾಗುವಳಿ ಮಾಡಿಸಲಾಯಿತು. ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಫಸಲು ಮತ್ತು ಅದರ ಬೆಲೆ, ಇವುಗಳ ಲೆಕ್ಕವನ್ನು ಇಟ್ಟು ಸರಾಸರಿಯನ್ನು ತೆಗೆಯಲಾಯಿತು. 50 ಸೇರಿನ ಖಂಡುಗವೊಂದಕ್ಕೆ ಒಂದು ಹಣವೆಂದು ಬೆಲೆ ಕಟ್ಟಿ, ಒಟ್ಟು ಉತ್ಪನ್ನದ ಮೂರನೆಯ ಒಂದು ಪಾಲನ್ನು ರೇಖೆಯಾಗಿ ಗೊತ್ತುಪಡಿಸಲಾಯಿತು. 1660ರಿಂದ 39 ವರ್ಷಗಳ ಕಾಲ ಈ ದರಗಳು ನಡೆದುಬಂದುವೆಂದು ರೈಸರು ಹೇಳುತ್ತಾರೆ.

ಅಡಕೆ ತೋಟಗಳ ವಿಷಯದಲ್ಲಿ ಅವರು ಕೊಡುವ ವಿವರವು ನಮ್ಮ ಪ್ರಸ್ತುತಕ್ಕೆ ಇನ್ನೂ ಹತ್ತಿರವಾದುದು. ತೋಟಗಳಿಗೆ 1,000 ಮರಗಳ ಲೆಕ್ಕದಲ್ಲಿ ತೆರಿಗೆಯನ್ನು ವಿಧಿಸಲಾಗುತ್ತಿತ್ತು. ಅಳೆಯುವ ಮಾನಕ್ಕೆ ‘ದಾಯ’ವೆಂದು ಹೆಸರು. ಆ ದಾಯದ ಮೂಲಪ್ರಮಾಣವು ಇಕ್ಕೇರಿಯ ಅಘೋರೇಶ್ವರ ದೇವಾಲಯದ ಕಲ್ಲಿನ ಮೆಟ್ಟಿಲಿನ ಉದ್ದ. ಅದು ಇಂಗ್ಲಿಷ್ ಮಾನದಲ್ಲಿ 18 ಅಡಿ 6 ಅಂಗುಲ, ಎಂದರೆ ಸುಮಾರು 5.64 ಮೀಟರು.

ಮೂಲಪ್ರಮಾಣವು ಅರಮನೆಯ ಉಗ್ರಾಣದಲ್ಲಿರದೆ ದೇವಾಲಯದ ಬಾಗಿಲಲ್ಲಿದ್ದುದರ ಅರ್ಥವನ್ನು ನಾವು ಗಮನಿಸಬೇಕು. ಶಾನುಭೋಗನ ಗಳೆಯ ಮೇಲೆ ಸಂಶಯ ಬಂದ ರೈತನು ಇಕ್ಕೇರಿಗೆ ಹೋಗಿ ಕಲ್ಲಿನ ಮೇಲೆ ಗಳೆಯನ್ನಿಟ್ಟು ನೋಡಬಹುದಾಗಿತ್ತು. ಹಾಗೆ ಎಷ್ಟು ಮಂದಿ ನೋಡಿದರೆಂಬುದು ಬೇರೆ ಮಾತು. ನೋಡುವ ಅವಕಾಶವಿತ್ತೆಂಬುದು ಮುಖ್ಯ. ಶಿಸ್ತಿನಲ್ಲಿ ನಾಲ್ಕು ಅಂಶಗಳು ಒಟ್ಟುಗೂಡಿದ್ದುವು. ಮಾನದ ಹೆಸರಿನೊಡನೆ ಅದರ ಪ್ರಮಾಣವನ್ನೂ ಹೇಳಲಾಗಿತ್ತು. ಖಂಡುಗವೆಂದು ಬಿಡದೆ 50 ಸೇರಿನ ಖಂಡುಗವೆಂದೇ ಗೊತ್ತುಮಾಡಲಾಗಿತ್ತು. ಮೂಲಪ್ರಮಾಣವು ಕೊಡುವವನ ಕಣ್ಣಿಗೂ ಬೀಳುವಂತಿತ್ತು. ಅಳತೆಯು ಒಂದು ದಿನದ ಅಥವಾ ಒಂದು ವರ್ಷದ ಅಳತೆಯಾಗಿರದೆ ದೀರ್ಘಕಾಲದ ಸರಾಸರಿಯಾಗಿತ್ತು. ನೆಲನೆಲಕ್ಕೂ ಇರುವ ಭೇದವನ್ನು ತರಗತಿಗಳ ಮೂಲಕ ಒಪ್ಪಿಕೊಳ್ಳಲಾಗಿತ್ತು. ಇಂದಿನ ಮಾನಗಳನ್ನು ಪರೀಕ್ಷಿಸುವಾಗ ಈ ನಾಲ್ಕನ್ನೂ ನಾವು ಒರೆಗಲ್ಲಾಗಿ ಇಟ್ಟುಕೊಳ್ಳಬಹುದು.

ಖಂಡುಗವೆಂಬ ಮಾತಿಗೆ ಇನ್ನೊಂದು ತೊಡಕೂ ಇತ್ತು. ಅದು ಧಾನ್ಯದ ಅಳತೆ. ಅಷ್ಟು ಬೀಜವನ್ನು ಬಿತ್ತಲು ಬೇಕಾದ ನೆಲದ ಅಳತೆಯೂ ಹೌದು. ಬೀಜವರಿಯ ಲೆಕ್ಕವನ್ನು ಓದುವ ವಿದ್ಯಾರ್ಥಿಯು ಒಂದೇ ಶಬ್ದವು ಎರಡು ಬೇರೆ ವಸ್ತುಗಳನ್ನು ಹೇಳುತ್ತಿದೆಯೆಂಬುದನ್ನು ಮರೆಯುವಂತಿಲ್ಲ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಹೋದೆಡೆಯಲ್ಲೆಲ್ಲ ಸ್ಥಳೀಯ ತೂಕ ಅಳತೆಗಳನ್ನು ವಿಚಾರಿಸಿ ಬರೆದುಕೊಂಡುದಕ್ಕೆ ಇದೇ ಕಾರಣ. ಮಾನವನ್ನು ಬಿಟ್ಟು ಅಂಕಿಯನ್ನು ಮಾತ್ರ ಬರೆದುಕೊಂಡಿದ್ದರೆ ಅವನ ಗ್ರಂಥವು ಇಂದು ಉಪಯೋಗಕ್ಕೆ ಬರುತ್ತಿರಲಿಲ್ಲ.

3

ಇನ್ನು ದತ್ತಾಂಶದ ಮಾನಗಳಿಗೆ ಬರೋಣ. ಸಂದೇಶದ ವೇಗವನ್ನು ಅಳೆಯಬೇಕಾದ ಅಗತ್ಯವು ತಂತಿಯೊಡನೆ ಹುಟ್ಟಿತು. ಭಾರತದಲ್ಲಿ ತಂತಿ ಸೇವೆಯು ಸಾರ್ವಜನಿಕರಿಗೆ ತೆರೆದುದು 1854ರಲ್ಲಿ. ಅದು ಮುಕ್ತಾಯವಾದುದು 2013ರ ಜುಲೈಯಲ್ಲಿ. ತಂತಿಯ ಕೆಲಸಗಾರನ ವೇಗವನ್ನು ನಿಮಿಷಕ್ಕೆ ಇಷ್ಟು ಪದಗಳೆಂದು ಎಣಿಸುತ್ತಿದ್ದರು. ಪದಗಳ ಉದ್ದ ಒಂದೇ ಸಮನಾಗಿರದಿದ್ದುದರಿಂದ ಒಂದು ಮಾದರಿ ಪದವನ್ನು ಗೊತ್ತುಮಾಡಿಕೊಳ್ಳಬೇಕಾಯಿತು. ಪ್ಯಾರಿಸ್ ಎಂಬ ಹೆಸರನ್ನು ಮೋರ್ಸ್ ಸಂಕೇತದಲ್ಲಿ ಕಳುಹಿಸಲು, ಪದದ ಅನಂತರದ ತೆರಪನ್ನೂ ಸೇರಿಸಿ, 50 ಘಟಕಗಳು ಹಿಡಿಯುತ್ತವೆ, ಅದೇ ಮಾದರಿಯಾಯಿತು. ಈ ಲೆಕ್ಕದಲ್ಲಿ ನಿಮಿಷಕ್ಕೆ 12 ಪದಗಳೆಂದರೆ ಸೆಕೆಂಡಿಗೆ 10 ಘಟಕಗಳು. ದೇವಾಲಯದ ಮೆಟ್ಟಿಲಿನಂತೆ ಇಲ್ಲಿಯೂ ಒಂದು ಮೂಲಪ್ರಮಾಣವು ಬೇಕಾದುದನ್ನು ಗಮನಿಸಬಹುದು.

ಫ್ರಾನ್ಸಿನ ಎಮಿಲ್ ಬೋದೋ ಎಂಬವನು 1874ರಲ್ಲಿ ಐದು ಘಟಕಗಳ ತಂತಿ ಸಂಕೇತಕ್ಕೆ ಹಕ್ಕನ್ನು ಪಡೆದನು. ಅವನ ಹೆಸರಿನಿಂದ ‘ಬಾಡ್’ ಎಂಬ ಮಾನವು ಬಂದಿತು. ತಂತಿಯ ಮೇಲೆ ಸಂಕೇತದ ಸ್ಥಿತಿಯು ಸೆಕೆಂಡಿಗೆ ಎಷ್ಟು ಸಲ ಬದಲಾಗಬಹುದೆಂಬುದೇ ಬಾಡ್. ಟೆಲಿಪ್ರಿಂಟರುಗಳ ರೂಢಿಯ ವೇಗ 50 ಬಾಡ್. ಒಂದು ಅಕ್ಷರಕ್ಕೆ ಆರಂಭ ಮತ್ತು ಅಂತ್ಯದ ಸಂಜ್ಞೆಗಳೂ ಸೇರಿ ಏಳೂವರೆ ಘಟಕಗಳು ಬೇಕಾಗಿದ್ದುದರಿಂದ ನಿಮಿಷಕ್ಕೆ 400 ಅಕ್ಷರಗಳು, ಎಂದರೆ ತೆರಪೂ ಸೇರಿ ಪದಕ್ಕೆ ಆರು ಅಕ್ಷರಗಳಂತೆ ಸುಮಾರು 66 ಪದಗಳು ಸಾಗುತ್ತಿದ್ದುವು.

1948ರಲ್ಲಿ ಕ್ಲಾಡ್ ಶ್ಯಾನನ್ನನು ಸಂವಹನದ ಗಣಿತಸಿದ್ಧಾಂತವನ್ನು ಪ್ರಕಟಿಸಿದಾಗ ‘ಬಿಟ್’ ಎಂಬ ಶಬ್ದವು ವಿದ್ವತ್ಪ್ರಪಂಚದಲ್ಲಿ ಬಳಕೆಗೆ ಬಂದಿತು. ಆ ಶಬ್ದವನ್ನು ಸೂಚಿಸಿದವನು ಜಾನ್ ಟ್ಯೂಕಿ. ಹೌದು–ಅಲ್ಲ, ಇದೆ–ಇಲ್ಲ ಎಂಬ ಎರಡರಲ್ಲಿ ಒಂದನ್ನು ನಿರ್ಣಯಿಸುವ ಕನಿಷ್ಠ ಮಾಹಿತಿಯೇ ಬಿಟ್. ಬಾಡ್ ಮತ್ತು ಬಿಟ್ ಒಂದೇ ಎಂದು ತಿಳಿಯುವವರುಂಟು. ಒಂದೊಂದು ಬದಲಾವಣೆಗೆ ಒಂದೊಂದೇ ಬಿಟ್ಟನ್ನು ಸಾಗಿಸುವ ತನಕ ಎರಡು ಅಂಕಿಗಳೂ ಸಮನಾಗಿರುತ್ತವೆ. ಆದರೆ ದೂರವಾಣಿ ತಂತಿಯ ಮೇಲೆ ಸೆಕೆಂಡಿಗೆ 9,600 ಬಿಟ್ ಸಾಗಿಸಿದ ಮೋಡೆಮುಗಳು 2,400 ಬಾಡಿನಲ್ಲಿಯೇ ಕೆಲಸ ಮಾಡುತ್ತಿದ್ದುವು. ಪ್ರತಿ ಬದಲಾವಣೆಯಲ್ಲಿಯೂ ನಾಲ್ಕು ಬಿಟ್ಟುಗಳು ಅಡಗಿರುತ್ತಿದ್ದುವು.

‘ಬೈಟ್’ ಎಂಬ ಶಬ್ದವನ್ನು 1956ರಲ್ಲಿ ವರ್ನರ್ ಬುಖೋಲ್ಝ್ ಟಂಕಿಸಿದನು. ಗಣಕದಲ್ಲಿ ಒಂದು ಅಕ್ಷರವನ್ನು ಇಡಲು ಬೇಕಾದ ಬಿಟ್ಟುಗಳ ಗುಂಪಿಗೆ ಅದು ಹೆಸರು. ಆರಂಭದಲ್ಲಿ ಆರು ಬಿಟ್ಟಿನ ಗುಂಪುಗಳೂ ಇದ್ದುವು. 1964ರಲ್ಲಿ ಐ.ಬಿ.ಎಂ. ಸಂಸ್ಥೆಯ ಸಿಸ್ಟಂ 360 ಗಣಕಗಳು ಬಂದ ಮೇಲೆ ಎಂಟು ಬಿಟ್ಟಿಗೆ ಒಂದು ಬೈಟ್ ಎಂಬುದು ಸ್ಥಿರವಾಯಿತು. ಇಲ್ಲಿಂದ ಎರಡು ಮನೆತನಗಳು ಬೇರೆಯಾದುವೆನ್ನಬಹುದು. ತಂತಿ ಮತ್ತು ದೂರವಾಣಿಯ ಎಂಜಿನಿಯರುಗಳು ಹರಿವನ್ನು ಬಿಟ್ಟುಗಳಲ್ಲಿ ಅಳೆದರು. ಗಣಕದವರು ಸಂಗ್ರಹವನ್ನು ಬೈಟುಗಳಲ್ಲಿ ಅಳೆದರು. ಕಾಲುವೆಯ ನೀರನ್ನು ಒಬ್ಬನೂ ಕೆರೆಯ ನೀರನ್ನು ಇನ್ನೊಬ್ಬನೂ ಬೇರೆ ಬೇರೆ ಮಾನದಿಂದ ಅಳೆದಂತಾಯಿತು.

ಸಾವಿರದ ಲೆಕ್ಕದಲ್ಲಿಯೂ ಇವರಲ್ಲಿ ಭೇದವುಂಟಾಯಿತು. ದೂರಸಂಪರ್ಕದಲ್ಲಿ ಕಿಲೋ ಎಂದರೆ 1,000, ಮೆಗಾ ಎಂದರೆ 10,00,000. ಗಣಕದ ಸ್ಮರಣೆಯು ಎರಡರ ಘಾತಗಳಲ್ಲಿ ಬೆಳೆಯುವುದರಿಂದ ಅಲ್ಲಿ ಕಿಲೋ ಎಂದು 1,024ನ್ನೂ, ಮೆಗಾ ಎಂದು 10,48,576ನ್ನೂ ಹೇಳುವ ರೂಢಿ ಬೆಳೆಯಿತು. ಕಿಲೋವಿನಲ್ಲಿ ಈ ವ್ಯತ್ಯಾಸವು ನೂರಕ್ಕೆ 2.4, ಮೆಗಾದಲ್ಲಿ ಸುಮಾರು 4.9, ಗಿಗಾದಲ್ಲಿ ಸುಮಾರು 7.4. ಮಾನವು ದೊಡ್ಡದಾದಷ್ಟೂ ತಪ್ಪು ಬೆಳೆಯುತ್ತದೆ. 1998ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು ಎರಡರ ಘಾತಗಳಿಗೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಹೆಸರುಗಳನ್ನು ಗೊತ್ತುಪಡಿಸಿತು. ಆದರೆ ವ್ಯವಹಾರದಲ್ಲಿ ಹಳೆಯ ರೂಢಿಯು ಪೂರ್ಣವಾಗಿ ಹೋಗಿಲ್ಲ.

4

ಪರಿವರ್ತನೆಯ ನಿಯಮಗಳು ಸ್ವತಃ ಸರಳವಾದುವು. ಬಿಟ್ಟಿನಿಂದ ಬೈಟಿಗೆ ಹೋಗಲು 8ರಿಂದ ಭಾಗಿಸಬೇಕು. ಬೈಟಿನಿಂದ ಬಿಟ್ಟಿಗೆ ಬರಲು 8ರಿಂದ ಗುಣಿಸಬೇಕು. ವೇಗವನ್ನು ಪರಿಮಾಣಕ್ಕೆ ತಿರುಗಿಸಲು ಕಾಲದಿಂದ ಗುಣಿಸಬೇಕು. ವಿದ್ಯಾರ್ಥಿಗಳ ಅನುಕೂಲಕ್ಕಾಗಿ ನಮ್ಮ ದೇಶದ ಜಾಲದ ಚರಿತ್ರೆಯಲ್ಲಿ ಬರುವ ಕೆಲವು ವೇಗಗಳನ್ನು ಇಲ್ಲಿ ಕೊಡುತ್ತೇವೆ.

ಸೆಕೆಂಡಿಗೆ 9.6 ಕಿಲೋಬಿಟ್ = ಸೆಕೆಂಡಿಗೆ 1,200 ಬೈಟ್
ಸೆಕೆಂಡಿಗೆ 56 ಕಿಲೋಬಿಟ್ = ಸೆಕೆಂಡಿಗೆ 7,000 ಬೈಟ್
ಸೆಕೆಂಡಿಗೆ 256 ಕಿಲೋಬಿಟ್ = ಸೆಕೆಂಡಿಗೆ 32,000 ಬೈಟ್
ಸೆಕೆಂಡಿಗೆ 512 ಕಿಲೋಬಿಟ್ = ಸೆಕೆಂಡಿಗೆ 64,000 ಬೈಟ್
ಸೆಕೆಂಡಿಗೆ 2 ಮೆಗಾಬಿಟ್ = ಸೆಕೆಂಡಿಗೆ 2,50,000 ಬೈಟ್
ಸೆಕೆಂಡಿಗೆ 100 ಮೆಗಾಬಿಟ್ = ಸೆಕೆಂಡಿಗೆ 1,25,00,000 ಬೈಟ್

ಕೊನೆಯ ಸಾಲಿನ ವೇಗವನ್ನು 1,024ರ ರೂಢಿಯಲ್ಲಿ ಎಣಿಸುವ ಯಂತ್ರವು ಸೆಕೆಂಡಿಗೆ ಸುಮಾರು 11.9 ಎಂದು ತೋರಿಸುತ್ತದೆ. ಸೆಕೆಂಡಿಗೆ 100 ಎಂದು ಕೊಂಡವನಿಗೆ ಪರದೆಯ ಮೇಲೆ 11.9 ಕಾಣಿಸಿದರೆ ಮೋಸವಾಯಿತೆಂದು ತೋರುವುದು ಸಹಜ. ಆದರೆ ಲೆಕ್ಕವು ಸರಿಯಾಗಿಯೇ ಇರುತ್ತದೆ. ಬದಲಾದುದು ಕೊಳಗ ಮಾತ್ರ.

ಮೊಬೈಲ್ ಸೇವೆಯಲ್ಲಿ ದಿನಕ್ಕೆ ಇಷ್ಟು ಗಿಗಾಬೈಟ್ ಎಂದು ಮಾರುವ ಪದ್ಧತಿಯುಂಟು. ದಿನಕ್ಕೆ 1.5 ಗಿಗಾಬೈಟ್ ಎಂಬುದನ್ನು ತೆಗೆದುಕೊಳ್ಳೋಣ. ಸಾವಿರದ ಲೆಕ್ಕದಲ್ಲಿ ಅದು 1,200 ಕೋಟಿ ಬಿಟ್. ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಸೆಕೆಂಡಿಗೆ ಸುಮಾರು 139 ಕಿಲೋಬಿಟ್ ಆಗುತ್ತದೆ. ಅದನ್ನೇ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಎಳೆದುಕೊಂಡರೆ 6,000 ಸೆಕೆಂಡುಗಳಲ್ಲಿ, ಎಂದರೆ 1 ಗಂಟೆ 40 ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಪರಿಮಾಣವನ್ನು ಹೇಳಿ ವೇಗವನ್ನು ಹೇಳದಿದ್ದರೆ, ಅಥವಾ ವೇಗವನ್ನು ಹೇಳಿ ಪರಿಮಾಣವನ್ನು ಹೇಳದಿದ್ದರೆ, ಕೊಂಡ ಸರಕಿನ ಸ್ವರೂಪವು ಅರ್ಧ ಮಾತ್ರ ತಿಳಿಯುತ್ತದೆ. ಖಂಡುಗವು ಧಾನ್ಯವೂ ನೆಲವೂ ಆಗಿದ್ದಂತೆಯೇ ನಮ್ಮ ಆಡುಮಾತಿನ ‘ಎಂಬಿ’ಯು ವೇಗವೂ ಪರಿಮಾಣವೂ ಆಗಿಬಿಟ್ಟಿದೆ.

5

ಇಲ್ಲಿಯೇ ಕನ್ನಡ ಬರವಣಿಗೆಗೆ ಸಂಬಂಧಿಸಿದ ವಿಶೇಷವಾದ ತೊಡಕು ಬರುತ್ತದೆ. ಇಂಗ್ಲಿಷಿನಲ್ಲಿ ಬಿಟ್ ಮತ್ತು ಬೈಟುಗಳ ಸಂಕ್ಷೇಪವು ಒಂದೇ ಅಕ್ಷರ. ಬಿಟ್ಟಿಗೆ ಅದರ ಚಿಕ್ಕ ರೂಪವನ್ನೂ ಬೈಟಿಗೆ ದೊಡ್ಡ ರೂಪವನ್ನೂ ಬಳಸುತ್ತಾರೆ. ಎಂಟು ಪಟ್ಟಿನ ವ್ಯತ್ಯಾಸವೆಲ್ಲವೂ ಆ ಒಂದು ಅಕ್ಷರದ ಗಾತ್ರದಲ್ಲಿ ಅಡಗಿದೆ. ನಮ್ಮ ಲಿಪಿಯಲ್ಲಿ ಚಿಕ್ಕಕ್ಷರ ದೊಡ್ಡಕ್ಷರಗಳೆಂಬ ಭೇದವಿಲ್ಲ. ಆದಕಾರಣ ಎರಡನ್ನೂ ‘ಎಂ.ಬಿ.’ ಎಂದೇ ಬರೆಯುತ್ತೇವೆ. ಮೂಲದಲ್ಲಿ ವ್ಯತ್ಯಾಸವನ್ನು ಎಷ್ಟೇ ಜಾಗರೂಕತೆಯಿಂದ ಸೂಚಿಸಿದ್ದರೂ ಅದು ಲಿಪ್ಯಂತರದಲ್ಲಿ ಅಳಿದುಹೋಗುತ್ತದೆ. ಪತ್ರಿಕೆಯ ವರದಿಯಾಗಲಿ, ಗ್ರಾಮಸಭೆಯ ನಿರ್ಣಯವಾಗಲಿ, ಅಧಿಕಾರಿಗಳಿಗೆ ಬರೆದ ಮನವಿಯಾಗಲಿ ಕನ್ನಡದಲ್ಲಿ ಬರೆಯಲ್ಪಟ್ಟ ಕ್ಷಣದಿಂದಲೇ ಈ ಸಂದಿಗ್ಧಕ್ಕೆ ಒಳಗಾಗುತ್ತದೆ.

ಐವತ್ತು ವರ್ಷಗಳ ಅನಂತರ ಸಂಶೋಧಕನೊಬ್ಬನು ಒಂದು ಪಂಚಾಯಿತಿಯ ಕಡತದಲ್ಲಿ ‘ನಮ್ಮ ಗ್ರಾಮಕ್ಕೆ 2 ಎಂಬಿ ಸಂಪರ್ಕ ಬೇಕು’ ಎಂಬ ವಾಕ್ಯವನ್ನು ಕಾಣುವನೆಂದು ಭಾವಿಸೋಣ. ಅದನ್ನು ಅವನು ನಾಲ್ಕು ವಿಧವಾಗಿ ಓದಬಹುದು. ಸೆಕೆಂಡಿಗೆ 2 ಮೆಗಾಬಿಟ್ ಎಂದರೆ 2,50,000 ಬೈಟಿನ ಹರಿವು. ಸೆಕೆಂಡಿಗೆ 2 ಮೆಗಾಬೈಟ್ ಎಂದರೆ ಅದರ ಎಂಟರಷ್ಟು, 16 ಮೆಗಾಬಿಟ್. ಕಾಲದ ಮಾತನ್ನು ಸೇರಿಸದಿದ್ದರೆ ಅದು ಬರಿಯ ಪರಿಮಾಣ. ಒಂದು ಭಾವಚಿತ್ರಕ್ಕೆ ಸಾಲುವಷ್ಟು. ದೂರವಾಣಿ ಎಂಜಿನಿಯರನ ಬಾಯಿಯಲ್ಲಿ ‘2 ಎಂಬಿ’ ಎಂದರೆ ಮತ್ತೊಂದು ನಿಶ್ಚಿತವಾದ ವಸ್ತು. ಸಂಖ್ಯಾರೂಪದ ದೂರವಾಣಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾದರಿ ತೆಗೆದು, ಒಂದೊಂದನ್ನು ಎಂಟು ಬಿಟ್ಟುಗಳಲ್ಲಿ ಬರೆಯುತ್ತಾರೆ; ಆದುದರಿಂದ ಒಂದು ಮಾತುಕತೆಗೆ ಸೆಕೆಂಡಿಗೆ 64 ಕಿಲೋಬಿಟ್. ಅಂತಹ 32 ಕಾಲುವೆಗಳನ್ನು ಕೂಡಿಸಿದ ಸಾಲು ಸೆಕೆಂಡಿಗೆ 20,48,000 ಬಿಟ್ ಸಾಗಿಸುತ್ತದೆ. ಅದರಲ್ಲಿ 30 ಮಾತುಕತೆಗಳು ಹಿಡಿಯುತ್ತವೆ. ಸಿ-ಡಾಟ್ ಸಂಸ್ಥೆಯ ಗ್ರಾಮೀಣ ವಿನಿಮಯ ಕೇಂದ್ರವು 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿ ಮೊದಲು ಕಾರ್ಯಾರಂಭ ಮಾಡಿದ ಕಾಲದಿಂದ ಸಂಖ್ಯಾರೂಪದ ದೂರವಾಣಿಯು ಹಳ್ಳಿಗಳಿಗೆ ಬಂದುದರಿಂದ, ಈ ನಾಲ್ಕನೆಯ ಅರ್ಥವನ್ನೂ ಸಂಶೋಧಕನು ಕೈಬಿಡುವಂತಿಲ್ಲ.

ಕನ್ನಡಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಜಾಲದಲ್ಲಿ ಇಂದು ವ್ಯಾಪಕವಾಗಿರುವ ಯುಟಿಎಫ್-8 ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಒಂದೊಂದು ವರ್ಣಕ್ಕೆ, ಸ್ವರಚಿಹ್ನೆಗೆ, ವಿರಾಮಚಿಹ್ನೆಗೆ ಮೂರು ಬೈಟ್ ಬೇಕು. ಸಾಗರ ಎಂಬುದಕ್ಕೆ 12, ಹೊಸನಗರಕ್ಕೆ 18, ತೀರ್ಥಹಳ್ಳಿಗೆ 30, ಒಟ್ಟು 60 ಬೈಟ್. ಚಲನಚಿತ್ರಗಳು ಹರಿಯುವ ಇಂದಿನ ಜಾಲದಲ್ಲಿ ಇದು ಅಲ್ಪ. ಆದರೆ ಮೊಬೈಲಿನ ಕಿರುಸಂದೇಶದಲ್ಲಿ ಇಂಗ್ಲಿಷಿಗೆ 160 ಅಕ್ಷರಗಳ ಅವಕಾಶವಿರುವಲ್ಲಿ ಕನ್ನಡಕ್ಕೆ 70 ಚಿಹ್ನೆಗಳ ಅವಕಾಶ ಮಾತ್ರವೆಂಬುದು, ಸಂದೇಶಕ್ಕೆ ಇಷ್ಟೆಂದು ಹಣ ತೆರುತ್ತಿದ್ದ ಕಾಲದಲ್ಲಿ ಅಲ್ಪವಾಗಿರಲಿಲ್ಲ. ಒಂದೇ ಮಾನದಿಂದ ಅಳೆದರೂ ಎರಡು ಭಾಷೆಗಳಿಗೆ ದೊರೆಯುವುದು ಸಮನಲ್ಲವೆಂಬುದಕ್ಕೆ ಇದು ನಿದರ್ಶನ.

6

ಮಾನದ ಹೆಸರು ಹಾಗೆಯೇ ಉಳಿದು ಒಳಗಿನ ಪ್ರಮಾಣವು ಬದಲಾಗುವುದು ಚರಿತ್ರೆಯಲ್ಲಿ ಸಾಮಾನ್ಯ. ರಾಜಧಾನಿಯು ಇಕ್ಕೇರಿಯಿಂದ ಬಿದನೂರಿಗೆ ಹೋಗಿ ನಾಣ್ಯಗಳು ಬೇರೆಡೆಯಲ್ಲಿ ಅಚ್ಚಾದರೂ ಅವುಗಳಿಗೆ ಇಕ್ಕೇರಿ ವರಹವೆಂಬ ಹೆಸರೇ ನಿಂತಿತು. ನಾಣ್ಯದ ಮೇಲಿನ ಹೆಸರನ್ನು ನಂಬಿ ಅದರ ಊರನ್ನು ನಿರ್ಣಯಿಸುವ ವಿದ್ಯಾರ್ಥಿಯು ದಾರಿ ತಪ್ಪುತ್ತಾನೆ.

‘ಬ್ರಾಡ್‌ಬ್ಯಾಂಡ್’ ಎಂಬ ಹೆಸರಿನ ಕಥೆಯೂ ಇಂತಹುದೇ. 1995ರ ಆಗಸ್ಟಿನಲ್ಲಿ ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸೇವೆಯು ದೊರೆತಾಗ ಅದು ದೂರವಾಣಿಯ ತಂತಿಯ ಮೂಲಕ ನಡೆಯುತ್ತಿತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ಇಳಿಕೆವೇಗವಿರುವ, ಸದಾ ತೆರೆದಿರುವ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2013ರಲ್ಲಿ ಈ ಕನಿಷ್ಠವನ್ನು 512 ಕಿಲೋಬಿಟ್ಟಿಗೂ, 2023ರ ಜನವರಿಯಲ್ಲಿ 2 ಮೆಗಾಬಿಟ್ಟಿಗೂ ಏರಿಸಲಾಯಿತು. ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಹೆಸರಿನೊಳಗಿನ ಪ್ರಮಾಣವು ಸುಮಾರು ಎಂಟು ಪಟ್ಟಾಯಿತು. 2010ರ ಬ್ರಾಡ್‌ಬ್ಯಾಂಡ್ ಚಂದಾದಾರರ ಸಂಖ್ಯೆಯನ್ನು 2024ರದರೊಡನೆ ಹಾಗೆಯೇ ಹೋಲಿಸುವವನು ಎರಡು ಬೇರೆ ಕೊಳಗಗಳಿಂದ ಅಳೆದ ರಾಶಿಗಳನ್ನು ಒಂದೆಂದು ಎಣಿಸಿದಂತಾಗುತ್ತದೆ. ದಿನಕ್ಕೆ 1.5 ಗಿಗಾಬೈಟಿನ ಸರಾಸರಿಯು ಸೆಕೆಂಡಿಗೆ 139 ಕಿಲೋಬಿಟ್ ಎಂದು ಮೇಲೆ ಕಂಡೆವು. ಇಡೀ ದಿನಕ್ಕೆ ಹಂಚಿ ನೋಡಿದರೆ ಅದು 2004ರ ಕನಿಷ್ಠವನ್ನೂ ಮುಟ್ಟುವುದಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಬೆಳಕಿನೆಳೆಯ ತಂತಿಯ ಮೂಲಕ ಸೆಕೆಂಡಿಗೆ 100 ಮೆಗಾಬಿಟ್ ಒದಗಿಸುವ ಉದ್ದೇಶದಿಂದ 2011ರಲ್ಲಿ ಮಂಜೂರಾದ ಯೋಜನೆಯು ಮುಂದೆ ಭಾರತ್‌ನೆಟ್ ಎಂಬ ಹೆಸರನ್ನು ಪಡೆಯಿತು. 2022ರ ಜುಲೈಯಲ್ಲಿ ಕೇಂದ್ರ ಸಚಿವ ಸಂಪುಟವು ಸಂಪರ್ಕವಿಲ್ಲದ 24,680 ಗ್ರಾಮಗಳಿಗೆ 4ಜಿ ಸೇವೆಯನ್ನು ಕೊಡಲು 26,316 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆಯಿತ್ತಿತು. ಈ ಯೋಜನೆಗಳ ಮಹತ್ತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಪಂಚಾಯಿತಿಯ ಕಟ್ಟಡದಲ್ಲಿ ಅಳೆದ ವೇಗವೂ ನಾಲ್ಕು ಮೈಲಿ ಆಚೆಯ ಒಂಟಿಮನೆಯಲ್ಲಿ ದೊರೆಯುವ ವೇಗವೂ ಒಂದೇ ಅಲ್ಲ. ಮಲೆನಾಡಿನ ಮನೆಗಳು ಬಯಲುಸೀಮೆಯ ಊರುಗಳಂತೆ ಒಟ್ಟಾಗಿರದೆ ತೋಟ ಗದ್ದೆಗಳ ಅಂಚಿನಲ್ಲಿ ಚದುರಿವೆ. ರೇಡಿಯೋ ಅಲೆಗೆ ಗುಡ್ಡವು ಅಡ್ಡ. ಕಣಿವೆಯ ತಳದ ಮನೆಗೆ ಗೋಪುರವು ಹತ್ತಿರವಿದ್ದರೂ ದೂರವೇ. ಗೋಪುರದಿಂದ ಗೋಪುರಕ್ಕೆ ಸೂಕ್ಷ್ಮ ತರಂಗಗಳಿಂದ ಸಂಪರ್ಕವಿರುವಲ್ಲಿ, ತರಂಗದ ಆವೃತ್ತಿಯು ಹೆಚ್ಚಿದಷ್ಟೂ ಬಿರುಮಳೆಯಲ್ಲಿ ಸಂಕೇತವು ಕ್ಷೀಣಿಸುತ್ತದೆ. ಆಗುಂಬೆಯನ್ನು ಒಳಗೊಂಡ ತಾಲ್ಲೂಕಿನಲ್ಲಿ ಮಳೆಯ ಮಾತನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ. ಇದಲ್ಲದೆ ಗೋಪುರವೊಂದರ ಸಾಮರ್ಥ್ಯವನ್ನು ಆ ಹೊತ್ತಿನಲ್ಲಿ ಬಳಸುವವರೆಲ್ಲರೂ ಹಂಚಿಕೊಳ್ಳಬೇಕು. ಜಾಹೀರಾತಿನ ‘ಇಷ್ಟರವರೆಗೆ’ ಎಂಬ ಮಾತು ಗರಿಷ್ಠವನ್ನು ಹೇಳುತ್ತದೆ. ಸರಾಸರಿಯನ್ನಾಗಲಿ ಕನಿಷ್ಠವನ್ನಾಗಲಿ ಹೇಳುವುದಿಲ್ಲ.

ಶಿಸ್ತಿನ ಒರೆಗಲ್ಲಿಗೆ ಇದನ್ನು ಹಚ್ಚಿ ನೋಡಿದರೆ ಕೊರತೆಯು ಸ್ಪಷ್ಟವಾಗುತ್ತದೆ. ಅಲ್ಲಿ 12 ವರ್ಷಗಳ ಸರಾಸರಿಯಿತ್ತು. ಇಲ್ಲಿ ಅನುಕೂಲವಾದ ಒಂದು ಗಳಿಗೆಯ ಗರಿಷ್ಠವಿದೆ. ಅಲ್ಲಿ ನೆಲಕ್ಕೆ ಐದು ತರಗತಿಗಳಿದ್ದುವು. ಇಲ್ಲಿ ಪೇಟೆಗೂ ಕಣಿವೆಗೂ ಒಂದೇ ದರ, ಒಂದೇ ಅಂಕಿ. ಅಲ್ಲಿ ಮೂಲಪ್ರಮಾಣವು ಕಲ್ಲಿನ ಮೇಲಿತ್ತು. ಇಲ್ಲಿ ಅದನ್ನು ನೋಡಲು ಜಾಲದ ಸಂಪರ್ಕವೇ ಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2016ರಲ್ಲಿ ಬಳಕೆದಾರನೇ ವೇಗವನ್ನು ಅಳೆಯಬಹುದಾದ ಮೊಬೈಲ್ ಉಪಕರಣವನ್ನು ಪ್ರಕಟಿಸಿತು; 2024ರ ಗುಣಮಟ್ಟದ ನಿಯಮಾವಳಿಯು ಸೇವಾ ಸಂಸ್ಥೆಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಪ್ರಕಟಿಸಬೇಕೆಂದು ವಿಧಿಸಿತು. ಇವು ಸರಿಯಾದ ದಿಕ್ಕಿನ ಹೆಜ್ಜೆಗಳು. ಆದರೂ ನಕ್ಷೆಯ ಬಣ್ಣವು ಸಂಕೇತವಿದೆಯೆಂಬುದನ್ನು ಸೂಚಿಸಬಲ್ಲುದೇ ಹೊರತು, ಮಳೆಗಾಲದ ಸಂಜೆ ಏಳು ಗಂಟೆಗೆ ಒಬ್ಬ ವಿದ್ಯಾರ್ಥಿಗೆ ಸೆಕೆಂಡಿಗೆ ಎಷ್ಟು ಬಿಟ್ ದೊರೆಯಿತೆಂಬುದನ್ನು ಹೇಳಲಾರದು.

7

ಮೇಲಿನ ವಿವೇಚನೆಯಿಂದ ಪರಿವರ್ತನೆಯೆಂಬುದರಲ್ಲಿ ಎರಡು ಬಗೆಗಳಿವೆಯೆಂದು ತಿಳಿಯುತ್ತದೆ. ಒಂದು ಹೆಸರಿನಿಂದ ಹೆಸರಿಗೆ ಆಗುವ ಪರಿವರ್ತನೆ. ಇದಕ್ಕೆ 8, 1,000, 1,024 ಎಂಬ ಮೂರು ಅಂಕಿಗಳು ಸಾಕು. ಇನ್ನೊಂದು ಮಾತಿನಿಂದ ವಸ್ತುವಿಗೆ, ಎಂದರೆ ಕೊಡುತ್ತೇವೆಂದ ವೇಗದಿಂದ ದೊರೆತ ವೇಗಕ್ಕೆ ಆಗುವ ಪರಿವರ್ತನೆ. ಇದಕ್ಕೆ ಯಾವ ಸೂತ್ರವೂ ಇಲ್ಲ, ಅಳೆದೇ ತಿಳಿಯಬೇಕು. ಗ್ರಾಮಸ್ಥರ ಮನವಿಗಳಲ್ಲಿ ‘ನೆಟ್‌ವರ್ಕ್ ಇಲ್ಲ’ ಎಂಬ ಮಾತೇ ಹೆಚ್ಚಾಗಿ ಬರುತ್ತದೆ. ಅವರ ಸಂಕಟವನ್ನು ಅದು ಹೇಳುತ್ತದೆ. ಆದರೆ ಇದೆ–ಇಲ್ಲ ಎಂಬ ಒಂದೇ ಬಿಟ್ಟಿನ ಆ ಉತ್ತರಕ್ಕೆ ಎದುರಾಗಿ ಇದೆ ಎಂಬ ಇನ್ನೊಂದು ಬಿಟ್ಟನ್ನು ಹೇಳಿ ಕಡತವನ್ನು ಮುಚ್ಚುವುದು ಸುಲಭ. ಸ್ಥಳ, ದಿನ, ಗಳಿಗೆ, ಮಾನ ಇವುಗಳೊಡನೆ ಬರೆದ ಅಂಕಿಗೆ ಹಾಗೆ ಉತ್ತರ ಕೊಡಲಾಗುವುದಿಲ್ಲ.

ಈ ದೃಷ್ಟಿಯಿಂದ ಕಾಲೇಜುಗಳ ಇತಿಹಾಸ ವಿಭಾಗಗಳು ಕೈಗೊಳ್ಳಬಹುದಾದ ಸಣ್ಣ ಕೆಲಸವೊಂದಿದೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ವಿದ್ಯಾರ್ಥಿಗಳು ತಮ್ಮ ತಮ್ಮ ಮನೆಯ ಅಂಗಳದಲ್ಲಿ, ವಾರಕ್ಕೊಮ್ಮೆ, ಗೊತ್ತಾದ ವೇಳೆಯಲ್ಲಿ ದೊರೆತ ವೇಗವನ್ನು ಬರೆದಿಡಲಿ. ಮಳೆಗಾಲ ಬೇಸಗೆಗಳೆರಡೂ ಅದರಲ್ಲಿ ಬರಲಿ. ‘ಎಂ.ಬಿ.’ ಎಂಬ ಸಂಕ್ಷೇಪವನ್ನು ಬಿಟ್ಟು ‘ಸೆಕೆಂಡಿಗೆ ಇಷ್ಟು ಮೆಗಾಬಿಟ್’ ಅಥವಾ ‘ಇಷ್ಟು ಮೆಗಾಬೈಟ್’ ಎಂದು ಪೂರ್ತಿಯಾಗಿ ಬರೆಯಲಿ. ನಾಲ್ಕು ಅಕ್ಷರಗಳು ಹೆಚ್ಚಾಗುತ್ತವೆ, ಎಂಟು ಪಟ್ಟಿನ ಸಂಶಯವು ಹೋಗುತ್ತದೆ. ಹಳೆಯ ಬಿಲ್ಲುಗಳನ್ನೂ, ಮನವಿಗಳ ಪ್ರತಿಗಳನ್ನೂ, ಅವುಗಳಿಗೆ ಬಂದ ಉತ್ತರಗಳನ್ನೂ ಒಂದೆಡೆ ಕೂಡಿಸಿಡಲಿ. ಕೆಲವು ವರ್ಷ ನಡೆದರೆ ಅದು ಈ ಸೀಮೆಯ ಎರಡನೆಯ ಶಿಸ್ತಾಗುವುದು. ಮೊದಲನೆಯದನ್ನು ತೆರಿಗೆ ಪಡೆಯುವವರು ಬರೆಸಿದರು, ಇದನ್ನು ಹಣ ತೆರುವವರು ಬರೆದಿರುವರು.